ನ್ಯಾಮತಿ ನ್ಯಾಮತಿ ನಾಲ್ಕು

ಮಹಾಂತೇಶ್ ನನಗೆ ಜಗಳಗಂಟಿ ಎಂದು ಹೆಸರಿಟ್ಟಿದ್ದಾನೆ. ಸುಳ್ಳು. ನಾನಾಗಿ ಯಾರ ತಂಟೆಗೂ ಹೋಗುವವಳಲ್ಲ. ಎದುರಿಗಿದ್ದವರು ತಪ್ಪು ಮಾತಾಡಿ, ಅದೇ ಸರಿ ಎಂದು ಸಾಧಿಸಲು ಕೂತರೆ ಮಾತ್ರ ನನಗೆ ತಡೆಯುವುದಿಲ್ಲ. ಪೋರ್ಚುಗಲ್ ದೇಶದ ರುಯಿ ಎಂಬಾತನ ಜೊತೆ ಆದದ್ದೂ ಇಷ್ಟೇ. ಪಾಪ, ಒಳ್ಳೆಯ ಮನುಷ್ಯ. ಅದು ಆಮೇಲೆ ಗೊತ್ತಾಯಿತು.

ಮಹಾಂತೇಶ್ ನನ್ನ ಚಿಕ್ಕಪ್ಪನ ಮಗ. ಇಬ್ಬರೂ ಸೇರಿ ಚನ್ನಗಿರಿಯಲ್ಲಿ ಒಂದು ಬೇಕರಿಯ ಮೇಲಿನ ಕೋಣೆ ಹಿಡಿದು ವೆಬ್‌ಸೈಟ್ ಮಾಡಿಕೊಡುವ ಕೆಲಸ ಇಟ್ಟುಕೊಂಡಿದ್ದೇವೆ. ಕಲ್ಯಾಣ ಮಂಟಪದವರು, ಟ್ರ್ಯಾಕ್ಟರ್ ಬಿಡಿಭಾಗ ಮಾರುವವರು, ಟ್ಯೂಷನ್ ಮೇಷ್ಟ್ರುಗಳು ನಮ್ಮ ಗಿರಾಕಿಗಳು. ಮಧ್ಯಾಹ್ನವಾದರೆ ಕೆಳಗಿನಿಂದ ಬೆಣ್ಣೆ ಬಿಸ್ಕತ್ತಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ. ಇಬ್ಬರೂ ದಪ್ಪಗಾಗಿದ್ದೇವೆ, ಸುಖವಾಗಿದ್ದೇವೆ.

ಆ ಗಿರಾಕಿಗಳಲ್ಲೆಲ್ಲ ನನಗೆ ಇಷ್ಟವಾದವರು ನ್ಯಾಮತಿಯ ಶಿವಗಂಗಮ್ಮನವರು. ಅವರದೊಂದು ಮಹಿಳಾ ಸಂಘ. ಮದುವೆ, ಗೃಹಪ್ರವೇಶ, ತೊಟ್ಟಿಲು ಶಾಸ್ತ್ರಗಳಿಗೆ ದೊಡ್ಡ ಪಾತ್ರೆಗಳನ್ನು ಬಾಡಿಗೆಗೆ ಕೊಡುತ್ತಾರೆ. ಕೊಪ್ಪರಿಗೆ, ಪರಾತ, ಕೊಳಗ, ನೀರಿನ ಹಂಡೆ, ಎಲ್ಲ ಸಂಘದ್ದೇ. ಬಾಡಿಗೆಗೆ ಹೋದ ಪಾತ್ರೆ ಬೇರೆಯವರ ಪಾತ್ರೆಯ ಜೊತೆ ಬೆರೆತು ಎಲ್ಲೆಲ್ಲಿಗೋ ಹೋಗಿಬಿಡುವುದು ಅವರ ಮೊದಲಿನ ತಲೆನೋವು. ನಮ್ಮ ಕಡೆ ಹೆಸರು ಕೊರೆಸದ ಪಾತ್ರೆ ಯಾರ ಮನೆಯಲ್ಲೂ ಇಲ್ಲವಲ್ಲ, ಇವರೂ ಕೊರೆಸಿದರು. ಊರಿನಲ್ಲಿ ಶಿವಗಂಗಮ್ಮ ಎಂಬ ಹೆಸರಿನವರು ಓಣಿಗೊಬ್ಬರು. ಫೋನ್ ನಂಬರ್ ಕೊರೆಸಿದರು, ಖಜಾಂಚಿ ಗಾದ್ರಮ್ಮ ಸಿಮ್ ಬದಲಾಯಿಸಿಬಿಟ್ಟರು. ಕೊನೆಗೆ ನಮ್ಮ ಹತ್ತಿರ ಬಂದರು. ಪ್ರತಿ ಪಾತ್ರೆಗೂ ವೆಬ್‌ಸೈಟಿನಲ್ಲಿ ಒಂದು ಪುಟ, ಆ ಪುಟದ ವಿಳಾಸ ಪಾತ್ರೆಯ ಮೈಮೇಲೆ. ಪಾತ್ರೆ ಎಲ್ಲಿಗೇ ಹೋಗಲಿ, ಸಿಕ್ಕವರು ಫೋನಿನಲ್ಲಿ ಆ ವಿಳಾಸ ಹೊಡೆದರೆ ಯಾರದ್ದು, ಯಾರಿಗೆ ತಿಳಿಸಬೇಕು ಎಂಬುದು ಬರುತ್ತದೆ. ನಂಬರ್ ಬದಲಾದರೆ ನಾವು ಪುಟದಲ್ಲಿ ತಿದ್ದುತ್ತೇವೆ, ಪಾತ್ರೆಯನ್ನು ಮುಟ್ಟಬೇಕಾಗಿಲ್ಲ.

ವಿಳಾಸ ಹೇಗಿರಬೇಕು ಎಂಬ ವಿಷಯಕ್ಕೆ ಮೊದಲ ಜಗಳವಾದದ್ದು ಶಿವಗಂಗಮ್ಮನವರ ಜೊತೆಯೇ. ನಾನು ಹೇಳಿದ್ದು, ಸೈಟಿನ ಹೆಸರು, ಒಂದು ಓರೆಗೆರೆ, ಪಾತ್ರೆಯ ನಂಬರ್, ಅಷ್ಟು ಸಾಕು. ವಿಳಾಸ ಚಿಕ್ಕದಿದ್ದಷ್ಟೂ ಬಾಳಿಕೆ ಹೆಚ್ಚು.

"ಊರಿನ ಹೆಸರಿಲ್ದ ಅದೆಂಥ ವಿಳಾಸ ಕಣೇ?" ಎಂದರು.

"ಸರಿ, ಊರಿನ ಹೆಸರು ಹಾಕೋಣ."

"ತಾಲೂಕು?"

"ತಾಲೂಕು ಯಾಕ್ರೀ ಅಮ್ಮಾ? ಊರೂ ನ್ಯಾಮತಿ, ತಾಲೂಕೂ ನ್ಯಾಮತಿ. ಎರಡೆರಡು ಸಲ ಯಾಕೆ?"

ಅಷ್ಟಕ್ಕೇ ಅವರಿಗೆ ಎಲ್ಲಿತ್ತೋ ರೋಷ. "ನೋಡು ಮೇಘಾ, ಇಷ್ಟು ವರ್ಷ ಲಗ್ನಪತ್ರಿಕೆ ಮೇಲೆ, ರೇಷನ್ ಕಾರ್ಡ್ ಮೇಲೆ, ಎಲ್ಲ ಕಡೆ ಹೊನ್ನಾಳಿ ತಾಲೂಕು ಅಂತ ಬರ್ದೂ ಬರ್ದೂ ಸಾಕಾಗೈತೆ. ಈಗ ನಮ್ಮೂರೇ ತಾಲೂಕು ಆಗೈತೆ. ಎರಡು ಸಲ ಬರ್ಲಿ ಬಿಡು, ಕಣ್ತುಂಬ ನೋಡ್ತೀವಿ!"

ಹಿಂದೆ ಕೂತಿದ್ದ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಮಹಾಂತೇಶನೂ ಅವರ ಪಕ್ಷವೇ. ಹೀಗಾಗಿ ಎಲ್ಲ ಪಾತ್ರೆಗಳ ಮೇಲೂ ಸೈಟಿನ ಹೆಸರಿನ ಪಕ್ಕದಲ್ಲಿ ನ್ಯಾಮತಿ, ನ್ಯಾಮತಿ, ಆಮೇಲೆ ನಂಬರ್ ಎಂದು ಇಂಗ್ಲಿಷ್ ಅಕ್ಷರದಲ್ಲಿ ಕೊರೆಸಿದ್ದಾಯಿತು. ಮೊದಲನೆಯದು ತಾಲೂಕು, ಎರಡನೆಯದು ಊರು. ಅವರ ಖುಷಿ ನೋಡಿ ನನ್ನ ಸಿಟ್ಟೂ ಇಳಿಯಿತು, ಅದು ಬೇರೆ ಮಾತು. ಇವರನ್ನು ನೋಡಿ ಸುತ್ತಲಿನ ಕೆಲವು ಹಳ್ಳಿಗಳ ಸಂಘಗಳೂ ತಮ್ಮ ಪಾತ್ರೆಗಳಿಗೆ ಹೀಗೇ ವಿಳಾಸ ಕೊರೆಸಿ ಅದೇ ಸೈಟಿಗೆ ಸೇರಿಕೊಂಡವು.

ನಾಲ್ಕನೇ ನಂಬರಿನದು ತಾಮ್ರದ ಹಂಡೆ. ಅದು ಶಿವಗಂಗಮ್ಮನವರ ತಾಯಿಯದು. ತಾಯಿ ತೀರಿಕೊಳ್ಳುವ ಮೊದಲು ಮಗಳ ಕೈಗೆ ಕೊಟ್ಟದ್ದು. ಅದನ್ನು ಸಂಘಕ್ಕೆ ಕೊಡುತ್ತೇನೆ ಎಂದಾಗ ಅವರ ಅಣ್ಣ ಷಣ್ಮುಖಪ್ಪ ಮನೆಗೆ ಬಂದು ಹಾರಾಡಿದ್ದರಂತೆ. ಅವ್ವನ ಹಂಡೆ ಬೀದಿಗೆ ಬಿಡ್ತೀಯಾ, ಕಳೆದುಹೋದರೆ ಏನು ಮಾಡ್ತೀಯಾ ಎಂದು. "ಕಳೆಯಾಕೆ ಬಿಡಲ್ಲಣ್ಣ. ವಿಳಾಸ ಕೊರೆಸೀನಿ. ಎಲ್ಲಿದ್ರೂ ಗೊತ್ತಾಗ್ತೈತೆ" ಎಂದು ಇವರು ಮಾತು ಕೊಟ್ಟಿದ್ದರು. ನನ್ನನ್ನು ನಂಬಿ ಕೊಟ್ಟ ಮಾತು ಅದು.

ಈ ವರ್ಷದ ಮದುವೆ ಸೀಜನ್ನಿನಲ್ಲಿ ಆ ಹಂಡೆ ಕಾಣೆಯಾಯಿತು. ಒಂದೇ ಮುಹೂರ್ತದ ದಿನ ಸುತ್ತಮುತ್ತಲಿನ ಹಳ್ಳಿಗಳ ಮದುವೆಗಳಿಗೆಲ್ಲ ಪಾತ್ರೆ ಹೋಗಿದ್ದವು. ವಾಪಸ್ ಬಂದಾಗ ಹಂಡೆ ಇಲ್ಲ. ಎಲ್ಲರ ಮನೆಗೂ ಹೋಗಿ ಕೇಳಿದರು. ಎಲ್ಲರೂ ನಮ್ಮಲ್ಲಿಲ್ಲ ಎಂದರು. ಯಾರಾದರೂ ವಿಳಾಸ ನೋಡಿ ಫೋನ್ ಮಾಡಿಯಾರು ಎಂದು ಕಾದರು. ಯಾರೂ ಮಾಡಲಿಲ್ಲ. ಒಂದು ಬೆಳಿಗ್ಗೆ ಶಿವಗಂಗಮ್ಮನವರು ಬಸ್ಸು ಹತ್ತಿ ಚನ್ನಗಿರಿಗೇ ಬಂದರು. ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ.

"ಎಲ್ಲಿದ್ರೂ ಗೊತ್ತಾಗ್ತೈತೆ ಅಂದಿದ್ದೆ ನೀನು. ಹೇಳೀಗ, ಎಲ್ಲೈತೆ?"

"ಯಾರಾದ್ರೂ ನೋಡಿ ಫೋನ್ ಮಾಡಬೇಕಲ್ಲಮ್ಮಾ..."

"ಅಣ್ಣ ದಿನಾ ಕೇಳ್ತಾನೆ ಕಣೇ. ನಮ್ಮವ್ವನ್ನ ನಾನೇ ಕೈಯಾರೆ ಕಳ್ಕೊಂಡಂಗೆ ಆಗೈತೆ. ರಾತ್ರಿ ನಿದ್ದೆ ಇಲ್ಲ. ನನಗೆ ನಿನ್ನ ವಿಳಾಸನೂ ಬ್ಯಾಡ, ಕಂಪ್ಯೂಟರೂ ಬ್ಯಾಡ. ಉಳಿದ ಪಾತ್ರೆ ಮೇಲಿನ ಅಕ್ಷರ ಎಲ್ಲ ಉಜ್ಜಿ ಅಳಿಸಾಕೆ ಹೇಳ್ತೀನಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಹಾಂತೇಶ್ ಬಾದಾಮಿ ಹಾಲು ತರಿಸಿದ. ಅವರು ಮುಟ್ಟಲಿಲ್ಲ. ಸಮಾಧಾನಕ್ಕೆಂದು, "ನೋಡ್ರೀ ಅಮ್ಮಾ, ಹಂಡೆ ಪುಟ ಎಷ್ಟು ಚೆನ್ನಾಗೈತೆ" ಎಂದು ಅವನು ಫೋನಿನಲ್ಲಿ ವಿಳಾಸ ಹೊಡೆದ. ಪುಟ ಬರಲಿಲ್ಲ. 'ತಪ್ಪು ವಿಳಾಸ' ಎಂದು ಬಂತು. ಮತ್ತೆ ಹೊಡೆದ. ಮತ್ತೆ ತಪ್ಪು ವಿಳಾಸ. ನಾನು ಅವನ ಕೈಯಿಂದ ಫೋನು ಕಿತ್ತುಕೊಂಡು ಮೂರನೇ ನಂಬರ್, ಹತ್ತನೇ ನಂಬರ್ ಎಂದು ಸಿಕ್ಕಸಿಕ್ಕ ನಂಬರ್ ಹೊಡೆದೆ. ಎಲ್ಲವೂ ತಪ್ಪು ವಿಳಾಸ. ನ್ಯಾಮತಿಯ ಒಂದೇ ಒಂದು ಪಾತ್ರೆಯ ಪುಟವೂ ತೆರೆಯುತ್ತಿರಲಿಲ್ಲ. ಅಂದರೆ ಹಂಡೆ ಸಿಕ್ಕ ಪುಣ್ಯಾತ್ಮರು ಬೇಕೆಂದೇ ಸುಮ್ಮನಿದ್ದದ್ದಲ್ಲ, ಅವರಿಗೆ ನಮ್ಮ ನಂಬರೇ ಸಿಕ್ಕಿರಲಿಲ್ಲ.

ಶಿವಗಂಗಮ್ಮನವರಿಗೆ ಸುಳ್ಳು ಹೇಳಲಿಲ್ಲ. "ತಪ್ಪು ನಮ್ಮ ಸೈಟಿಂದು. ಸರಿ ಮಾಡೋವರೆಗೂ ಒಂದು ಅಕ್ಷರನೂ ಅಳಿಸಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಬಸ್ ಹತ್ತಿಸಿ ಬಂದೆ.

ಕಾರಣ ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ವೆಬ್‌ಸೈಟನ್ನು ಯಾರೂ ತಳಪಾಯದಿಂದ ಕಟ್ಟುವುದಿಲ್ಲ. ಫ್ರೇಮ್‌ವರ್ಕ್ ಎಂದು ಒಂದು ಇರುತ್ತದೆ. ಗೋಡೆ, ಬಾಗಿಲು ಅವರು ಕಟ್ಟಿಟ್ಟಿರುತ್ತಾರೆ, ಒಳಗೆ ಸಂಸಾರ ಹೂಡುವುದು ನಮ್ಮ ಕೆಲಸ. ನಾವು ಬಳಸುವುದು ಒಂದು ಸಣ್ಣ ಫ್ರೇಮ್‌ವರ್ಕ್, ಅದನ್ನು ನೋಡಿಕೊಳ್ಳುವವನೇ ಈ ರುಯಿ. ಸಣ್ಣಪುಟ್ಟ ಸಂಘಗಳಿಗೆ ಅವರೇ ಪುಕ್ಕಟೆಯಾಗಿ ಸರ್ವರ್ ಕೂಡ ಕೊಡುತ್ತಾರೆ, ನಮ್ಮ ಪಾತ್ರೆಗಳ ಸೈಟು ಅಲ್ಲೇ ಇತ್ತು. ಅಲ್ಲಿ ಅವರ ಕೋಡನ್ನು ನಾವು ಮುಟ್ಟುವ ಹಾಗಿಲ್ಲ. ಹೊಸ ಆವೃತ್ತಿ ತಾನಾಗಿಯೇ ಬಂದು ಕೂರುತ್ತದೆ. ಈ ಸಲದ ಆವೃತ್ತಿಯಲ್ಲಿ ಬಾಗಿಲಿಗೊಬ್ಬ ಕಾವಲುಗಾರನನ್ನು ಇಟ್ಟಿದ್ದರು. ವಿಳಾಸದಲ್ಲಿ ಒಂದೇ ಹೆಸರು ಪಕ್ಕಪಕ್ಕ ಎರಡು ಸಲ ಬಂದರೆ ಅದು ತಪ್ಪು ವಿಳಾಸ, ಒಳಗೆ ಬಿಡಬೇಡ ಎಂದು ಅವನಿಗೆ ಅಪ್ಪಣೆ. ನಮ್ಮ ಕೋಡಿಗೆ ಯಾರೋ ಬಂದು ಹೋದ ಸುದ್ದಿಯೂ ತಿಳಿಯುತ್ತಿರಲಿಲ್ಲ.

"ಬೇರೆ ಸಂಘದೋರ ಪುಟದಾಗೆ ಹೆಂಗೆ ಗೊತ್ತಾಗಲಿಲ್ಲ ಅಕ್ಕಾ ನಮಗೆ?" ಎಂದ ಮಹಾಂತೇಶ್.

"ಬೇರೆ ಊರಿನ ಸಂಘಗಳೆಲ್ಲ ಹಳ್ಳಿಯವು. ತಾಲೂಕಿನ ಹೆಸರು ಬೇರೆ, ಊರಿನ ಹೆಸರು ಬೇರೆ. ನಮ್ಮ ಚನ್ನಗಿರಿಯವರು ಸೇರಿದ್ದಿದ್ರೆ ಮೊದಲೇ ಗೊತ್ತಾಗ್ತಿತ್ತು. ಪಾತ್ರೆಗೆಲ್ಲ ಇಂಟರ್ನೆಟ್ ಯಾಕೆ ಅಂತ ನಕ್ಕರಲ್ಲ, ನಮ್ಮೂರ ಮಹಾತಾಯಂದಿರು."

ಫ್ರೇಮ್‌ವರ್ಕಿನವರದೊಂದು ಚರ್ಚೆಯ ಕಟ್ಟೆಯಿದೆ. ದೋಷ ಕಂಡವರು ಅಲ್ಲಿ ಬರೆಯುತ್ತಾರೆ, ಲೋಕದ ಯಾವುದೋ ಮೂಲೆಯಿಂದ ಉತ್ತರ ಬರುತ್ತದೆ. ನಾನು ಬಹಳ ಮರ್ಯಾದೆಯಿಂದ ಬರೆದೆ. ಊಟ ಮುಗಿಸಿ ಬರುವಷ್ಟರಲ್ಲಿ ರುಯಿಯ ಉತ್ತರ ಬಂದಿತ್ತು. 'ಇದು ದೋಷವಲ್ಲ. ಹುಡುಕುಯಂತ್ರಗಳ ರೋಬೋಟುಗಳು ಕೆಟ್ಟ ಲಿಂಕ್ ಹಿಡಿದು ಒಂದೇ ಹೆಸರನ್ನು ಸೇರಿಸುತ್ತಾ ಸುತ್ತಿ ಸುತ್ತಿ ಬರುತ್ತವೆ, ಸರ್ವರ್ ಸುಸ್ತಾಗುತ್ತದೆ. ಅದಕ್ಕೆ ಈ ತಡೆ. ವಿಳಾಸದಲ್ಲಿ ಮೊದಲ ಹೆಸರು ತಾಯಿ, ಅದರೊಳಗೆ ಬರುವ ಹೆಸರು ಮಗು. ತಾಯಿಗೂ ಮಗುವಿಗೂ ಒಂದೇ ಹೆಸರು ಯಾರೂ ಇಡುವುದಿಲ್ಲ. ನಿಮ್ಮ ವಿಳಾಸ ಬದಲಾಯಿಸಿಕೊಳ್ಳಿ' ಎಂದು ಬರೆದು ನನ್ನ ಚರ್ಚೆಗೆ ಬೀಗ ಜಡಿದಿದ್ದ.

ಬದಲಾಯಿಸಿಕೊಳ್ಳಬೇಕಂತೆ! ಮೈ ಉರಿದುಹೋಯಿತು. ಬೀಗ ತೆಗೆಸಿ ಮತ್ತೆ ಬರೆದೆ. ನಮ್ಮ ವಿಳಾಸ ಕಾಗದದ ಮೇಲಿಲ್ಲ, ಸ್ಟೀಲಿನ ಮೇಲಿದೆ, ತಾಮ್ರದ ಮೇಲಿದೆ ಎಂದು ಪರಾತದ ಫೋಟೋ ಹಾಕಿದೆ. ಒಬ್ಬ ನಗುವ ಮುಖ ಹಾಕಿದ. ಕೆನಡಾದ ಒಬ್ಬಾತ ಉದ್ದದ ಉಪದೇಶ ಕೊಟ್ಟ. ವಿಳಾಸದಲ್ಲಿ ತಾಲೂಕು, ಜಿಲ್ಲೆ ಹಾಕಲೇಬಾರದು, ಅವು ಬದಲಾಗುತ್ತವೆ, ಬರೀ ನಂಬರ್ ಹಾಕಬೇಕಿತ್ತು, ಇದು ವಿಳಾಸ ವಿನ್ಯಾಸದ ಮೊದಲ ಪಾಠ ಎಂದು. ನಾನು ಶಿವಗಂಗಮ್ಮನವರಿಗೆ ಹೇಳಿದ್ದೂ ಅಕ್ಷರಶಃ ಅದನ್ನೇ. ಆದರೆ ನಮ್ಮವರನ್ನು ನಾನು ಬೈಯಬಹುದು, ಕೆನಡಾದವನು ಬೈದರೆ ಕೇಳಿಕೊಂಡು ಇರಲು ಆಗುತ್ತದೆಯೇ?

"ಅಕ್ಕಾ, ನಿಧಾನ" ಎಂದ ಮಹಾಂತೇಶ್.

"ನೀನು ಬಾಯಿ ಮುಚ್ಕೊಂಡು ಬಿಸ್ಕತ್ತು ತಿನ್ನು."

ಬರೆದೆ. 'ಸ್ವಾಮಿ, ನೀವು ಎಲ್ಲಿಯವರೋ ನನಗೆ ಗೊತ್ತಿಲ್ಲ. ನಮ್ಮಲ್ಲಿ ಚನ್ನಗಿರಿ ತಾಲೂಕಿನಲ್ಲಿ ಚನ್ನಗಿರಿ ಇದೆ, ಹೊನ್ನಾಳಿ ತಾಲೂಕಿನಲ್ಲಿ ಹೊನ್ನಾಳಿ ಇದೆ, ಜಗಳೂರು ತಾಲೂಕಿನಲ್ಲಿ ಜಗಳೂರು ಇದೆ. ನ್ಯಾಮತಿಯವರು ಆ ಭಾಗ್ಯಕ್ಕೆ ಎಷ್ಟೋ ವರ್ಷ ಕಾದಿದ್ದಾರೆ. ತಾಯಿಗೂ ಮಗುವಿಗೂ ಒಂದೇ ಹೆಸರಿಲ್ಲ ಎಂದಿರಿ. ನಮ್ಮ ಮನೆಗಳಲ್ಲಿ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುತ್ತೇವೆ. ಇಬ್ಬರೂ ಒಂದೇ ಪಡಸಾಲೆಯಲ್ಲಿ ಕೂತು ಊಟ ಮಾಡುತ್ತಾರೆ. ಕರೆದರೆ ಯಾರು ಏಳಬೇಕೋ ಅವರೇ ಏಳುತ್ತಾರೆ. ಒಬ್ಬ ಹೆಣ್ಣುಮಗಳ ತಾಯಿಯ ಹಂಡೆ ಎಲ್ಲೋ ಯಾರದೋ ಮನೆಯಲ್ಲಿ ಕೂತಿದೆ. ಆ ಮನೆಯವರು ಬಾಗಿಲು ಬಡಿಯುತ್ತಿದ್ದಾರೆ. ನಿಮ್ಮ ಕಾವಲುಗಾರ ಅವರನ್ನು ರೋಬೋಟ್ ಎಂದು ಓಡಿಸುತ್ತಿದ್ದಾನೆ.'

ಕಳಿಸಿದ ಮೇಲೆ, ಈ ಮನುಷ್ಯ ಯಾರು ಎತ್ತ ನೋಡೋಣ ಎಂದು ರುಯಿಯ ಪರಿಚಯದ ಪುಟ ತೆಗೆದೆ. ಹೆಸರು, ಒಂದು ನಾಯಿಯ ಫೋಟೋ, ಕೆಳಗೆ ಊರು. ಊರಿನ ಜಾಗದಲ್ಲಿ 'ಬ್ರಾಗ, ಬ್ರಾಗ, ಪೋರ್ಚುಗಲ್' ಎಂದಿತ್ತು. ಎರಡು ಸಲ ಓದಿದೆ. ಹುಡುಕಿ ನೋಡಿದೆ. ಹೌದು, ಬ್ರಾಗ ಎಂಬ ಜಿಲ್ಲೆ, ಅದರ ಮುಖ್ಯ ಪಟ್ಟಣವೂ ಬ್ರಾಗ.

"ಮಾಂತೇಶಾ!" ಎಂದು ಕಿರುಚಿದೆ. ಕೆಳಗಿನ ಬೇಕರಿಯವರು ಮೆಟ್ಟಿಲವರೆಗೂ ಬಂದು ಏನಾಯಿತು ಎಂದು ಕೇಳಿಹೋದರು.

ಚರ್ಚೆಗೆ ಇನ್ನೊಂದೇ ಸಾಲು ಸೇರಿಸಿದೆ. 'ರುಯಿ ಅವರೇ, ನಿಮ್ಮ ಮನೆಯ ವಿಳಾಸ ನಿಮ್ಮ ಫ್ರೇಮ್‌ವರ್ಕಿನಲ್ಲೇ ತೆರೆಯುವುದಿಲ್ಲ. ಹೊಡೆದು ನೋಡಿ.'

ಅವತ್ತೆಲ್ಲ ಉತ್ತರವಿಲ್ಲ. ಅತಿಯಾಯಿತೇನೋ, ಸಿಟ್ಟಾಗಿ ಸುಮ್ಮನಾಗಿಬಿಟ್ಟನೇನೋ, ನನ್ನ ಬಾಯಿಂದ ಹಂಡೆ ಶಾಶ್ವತವಾಗಿ ಹೋಯಿತೇನೋ ಎಂದು ಮನಸ್ಸಿಗೆ ಕಸಿವಿಸಿ. ಮರುದಿನ ಬಂದು ನೋಡಿದರೆ ಉತ್ತರವಿತ್ತು. ಹೊಡೆದು ನೋಡಿದನಂತೆ. ತಪ್ಪು ವಿಳಾಸ ಎಂದು ಬಂತಂತೆ. ಹೆಂಡತಿಯನ್ನು ಕರೆದು ತೋರಿಸಿದನಂತೆ, ಅವಳು ನಕ್ಕ ನಗು ಇನ್ನೂ ನಿಂತಿಲ್ಲವಂತೆ. 'ನೀವು ಸರಿ, ನಾನು ತಪ್ಪು. ಎರಡು ಸಲ ಬಂದರೆ ಬಿಡುತ್ತೇನೆ, ಅದಕ್ಕೂ ಮೇಲಾದರೆ ತಡೆಯುತ್ತೇನೆ. ಇನ್ನು ಮುಂದೆ ಯಾರೂ ಇದನ್ನು ಕೆಡಿಸದ ಹಾಗೆ ಪರೀಕ್ಷೆಯ ಉದಾಹರಣೆಗಳನ್ನು ನೀವೇ ಬರೆದುಕೊಡಿ. ಆ ತಾಯಿಗೆ ನನ್ನ ಕ್ಷಮೆ ತಿಳಿಸಿ' ಎಂದು ಬರೆದಿದ್ದ.

ಕೂತಲ್ಲೇ ಬರೆದುಕೊಟ್ಟೆ. ನ್ಯಾಮತಿ ನ್ಯಾಮತಿ, ಹೊನ್ನಾಳಿ ಹೊನ್ನಾಳಿ, ಚನ್ನಗಿರಿ ಚನ್ನಗಿರಿ, ಜಗಳೂರು ಜಗಳೂರು, ಬ್ರಾಗ ಬ್ರಾಗ. ಈಗ ಆ ಫ್ರೇಮ್‌ವರ್ಕಿನ ಪ್ರತಿಯೊಂದು ಹೊಸ ಆವೃತ್ತಿಯೂ ಹೊರಡುವ ಮೊದಲು ನಮ್ಮ ಊರುಗಳ ಹೆಸರು ಹೇಳಿಯೇ ಹೊರಡಬೇಕು. ಕೆನಡಾದವನೂ ಹೆಬ್ಬೆರಳು ಎತ್ತಿದ್ದ. ನನಗಾದ ಸಂತೋಷಕ್ಕೆ ಮಹಾಂತೇಶನಿಗೆ ಪಫ್ಸ್ ಕೊಡಿಸಿದೆ.

ಸಂಜೆಯ ಹೊತ್ತಿಗೆ ಪುಟಗಳು ತೆರೆಯತೊಡಗಿದವು. ಪುಟದಲ್ಲಿ ಇದ್ದದ್ದು ನಮ್ಮ ಆಫೀಸಿನ ನಂಬರ್. ಮರುದಿನ ಬಾಗಿಲು ತೆಗೆಯುವಾಗಲೇ ಅದು ಬಡಿದುಕೊಳ್ಳುತ್ತಿತ್ತು.

"ಹಲೋ, ಪಾತ್ರೆ ಸಂಘದೋರಾ?" ಒಂದು ಹೆಣ್ಣು ದನಿ, ಪಿಸುಪಿಸು. "ನಾನು ನಾಗರತ್ನ ಅಂತ ರೀ. ಜಗಳೂರು ತಾಲೂಕು ಸೊಕ್ಕೆಯಿಂದ ಮಾತಾಡ್ತೀನಿ. ನಾಲ್ಕನೇ ನಂಬರ್ ಹಂಡೆ ನಮ್ಮನೇಲೈತೆ. ದಿನಾ ನೋಡ್ತಿದ್ದೆ ರೀ, ಇವತ್ತು ತೆರೀತು."

ಅವಳ ತವರು ಸಾಸ್ವೆಹಳ್ಳಿ. ಅವಳ ಮದುವೆಗೆ ನ್ಯಾಮತಿಯಿಂದ ಪಾತ್ರೆ ತರಿಸಿದ್ದರು. ಗಂಡಿನ ಕಡೆಯವರ ಟೆಂಪೋಗೆ ಮದುಮಗಳ ಪಾತ್ರೆಪಡಗ ಏರಿಸುವ ಗಡಿಬಿಡಿಯಲ್ಲಿ ಯಾರೋ ಹಂಡೆಯನ್ನೂ ಎತ್ತಿ ಇಟ್ಟಿದ್ದರು. ಸೊಕ್ಕೆಯಲ್ಲಿ ಇಳಿಸಿದಾಗ ಅತ್ತೆ ಕರಿಯಕ್ಕ ಬೆರಗಾಗಿ, ಇಂಥ ತಾಮ್ರದ ಹಂಡೆ ಕೊಟ್ಟು ಕಳಿಸಿದ್ದಾರೆ ನಮ್ಮ ಬೀಗರು ಎಂದು ಓಣಿಯವರನ್ನೆಲ್ಲ ಕರೆದು ತೋರಿಸಿದ್ದರು. ನಾಗರತ್ನಳೂ ಅವ್ವ ಕೊಟ್ಟದ್ದೇ ಇರಬೇಕೆಂದುಕೊಂಡಿದ್ದಳು. ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಅಕ್ಷರ ಕಂಡಿತ್ತು.

"ತವರಿಗೆ ಕೇಳಾಕೆ ಹೆದರಿಕೆ ರೀ. ಬೇರೆಯೋರ ಹಂಡೆ ಕೊಟ್ಟರು ಅಂತ ಇಲ್ಲಿ ಸುದ್ದಿ ಆದ್ರೆ ನಮ್ಮಪ್ಪನ ಮರ್ಯಾದೆ ಏನಾಗಬೇಕು? ನಮ್ಮತ್ತೆ ಒಳ್ಳೆಯೋರು, ಆದ್ರೂ... ಹೆಂಗಾದ್ರೂ ಮಾಡಿ ಯಾರಿಗೂ ಗೊತ್ತಾಗದಂಗೆ ತಗೊಂಡು ಹೋಗ್ರಿ ಅಕ್ಕಾ" ಎಂದು ಅತ್ತೇಬಿಟ್ಟಳು.

ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ ಎನಿಸಿತು. ಹೊನ್ನಾಳಿಯಲ್ಲಿ ಬಸ್ ಬದಲಾಯಿಸಿ ನ್ಯಾಮತಿಗೆ ಹೋದೆ. ಶಿವಗಂಗಮ್ಮನವರ ಪಡಸಾಲೆಯಲ್ಲಿ ಷಣ್ಮುಖಪ್ಪನವರೂ ಕೂತಿದ್ದರು, ಮುಖ ಗಂಟು ಹಾಕಿಕೊಂಡು. ಹಂಡೆ ಸಿಕ್ಕಿತು ಎಂದ ಕೂಡಲೇ ಶಿವಗಂಗಮ್ಮನವರು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. "ಕಳ್ದಿಲ್ಲಣ್ಣ! ಹೇಳಿರಲಿಲ್ಲಾ ನಾನು? ಕಳ್ದಿಲ್ಲ!" ಎಂದು ಅಣ್ಣನ ಕಡೆ ತಿರುಗಿ ಕೂಗಿದರು.

"ಸಿಕ್ತಲ್ಲ, ನಾಳೆನೇ ಟೆಂಪೋ ಮಾಡ್ಕೊಂಡು ಹೋಗಿ ತರಾನ" ಎಂದು ಷಣ್ಮುಖಪ್ಪ ಎದ್ದರು.

ನಾನು ಆ ಹುಡುಗಿಯ ಕತೆಯನ್ನು ಹೇಳಿದೆ. ಓಣಿಯವರಿಗೆ ತೋರಿಸಿದ್ದು, ಪಿಸುದನಿ, ಅತ್ತದ್ದು, ಎಲ್ಲವನ್ನೂ. ಶಿವಗಂಗಮ್ಮನವರು ಕಂಬಕ್ಕೆ ಒರಗಿ ಕೇಳಿಸಿಕೊಂಡರು.

"ಅಣ್ಣ, ಆ ಹಂಡೆ ಅವ್ವಂಗೆ ಎಲ್ಲಿಂದ ಬಂತು?"

"ಎಲ್ಲಿಂದ ಅಂದ್ರೆ? ಮದುವೆ ಆಗಿ ಬರುವಾಗ ತವರಿಂದ ತಂದಿದ್ಲು. ಅದು ನಿನಗೂ ಗೊತ್ತೈತೆ."

"ಹಂಗಾರೆ ಈಗಲೂ ಅದು ತವರಿಂದ ಹೋಗೈತೆ, ಅಷ್ಟೇ" ಎಂದರು. ನನ್ನ ಕಡೆ ಕೈ ಚಾಚಿದರು. "ಆ ಹುಡುಗಿಗೆ ಫೋನ್ ಹಚ್ಚು."

ಹಚ್ಚಿಕೊಟ್ಟೆ. "ನಾಗರತ್ನಾ, ನಾನು ನ್ಯಾಮತಿ ಶಿವಗಂಗಮ್ಮ ಅಂತ. ಅಳಬ್ಯಾಡ, ಅಳಬ್ಯಾಡವ್ವ. ಹಂಡೆ ಸೋರ್ತೈತೇನು? ಇಲ್ಲ ತಾನೆ? ಹಂಗಾದ್ರೆ ಅಲ್ಲೇ ಇರ್ಲಿ. ನಾನು ಕೊಟ್ಟಿದ್ದು ಅಂತ ಇಟ್ಕೋ. ನಿಮ್ಮತ್ತೆಗೆ ಏನೂ ಹೇಳಾಕೆ ಹೋಗಬ್ಯಾಡ. ಕೇಳಿದ್ರೆ ನಮ್ಮ ದೊಡ್ಡವ್ವ ಒಬ್ಬಾಕಿ ನ್ಯಾಮತ್ಯಾಗವಳೆ, ಆಕೆ ಕೊಟ್ಟಿದ್ದು ಅನ್ನು. ಸಂಘಕ್ಕೆ ನಾನು ಬೇರೆ ಹಂಡೆ ಕೊಡಿಸ್ತೀನಿ."

ಆ ಕಡೆಯಿಂದ ಮೆಲ್ಲಗೆ, "ಆಗ್ಲಿ ದೊಡ್ಡವ್ವಾ" ಎಂದು ಕೇಳಿಸಿತು. ಶಿವಗಂಗಮ್ಮನವರಿಗೆ ಹೆಣ್ಣುಮಕ್ಕಳಿಲ್ಲ. ಫೋನು ಹಿಂತಿರುಗಿಸುವಾಗ ಅವರ ಮುಖ ನೋಡಲು ನನಗೆ ಆಗಲಿಲ್ಲ, ನನ್ನ ಕಣ್ಣೂ ತುಂಬಿತ್ತು.

ಷಣ್ಮುಖಪ್ಪ ತಲೆ ಕೆರೆದುಕೊಂಡರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ಅಲ್ಲಮ್ಮ, ಹಂಡೆ ಕೊಟ್ಟಿದ್ದು ಕೊಟ್ಟೆ. ಮೇಲೆ ನ್ಯಾಮತಿ ನ್ಯಾಮತಿ ಅಂತ ಬರ್ದೈತಲ್ಲ, ಅದನ್ನಾದ್ರೂ ಅಳಿಸಾಕೆ ಹೇಳು. ಸೊಕ್ಕೆ ಹಂಡೆ ಮೇಲೆ ನಮ್ಮೂರ ಹೆಸರು ಯಾಕೆ?" ಎಂದರು.

ವಿಳಾಸ ಹಾಗೇ ಇರಲಿ, ಪುಟದಲ್ಲಿ ಹಂಡೆ ಈಗ ಎಲ್ಲಿದೆ, ಯಾರದ್ದು ಎಂಬುದನ್ನಷ್ಟೇ ಬದಲಾಯಿಸಿದರೆ ಸಾಕು ಎಂದು ನಾನು ಲ್ಯಾಪ್‌ಟಾಪ್ ತೆರೆದು ವಿವರಿಸಲು ಹೊರಟೆ. ಶಿವಗಂಗಮ್ಮನವರು ನನ್ನನ್ನು ಮಾತಾಡಲು ಬಿಡಲಿಲ್ಲ.

"ಏನ್ ಮಾತಾಡ್ತೀಯಣ್ಣ? ಕೊಟ್ಟ ಮನೆಗೆ ಹೋದ್ಲು ಅಂತ ಹೆಣ್ಮಗಳ ಮೈಮೇಲಿಂದ ತವರಿನ ಹೆಸರು ಯಾರಾದ್ರೂ ಉಜ್ಜಿ ಅಳಿಸ್ತಾರೇನು?" ಎಂದರು. ಷಣ್ಮುಖಪ್ಪನವರು ತಂಗಿಯ ಮುಖವನ್ನೇ ನೋಡುತ್ತಾ ಮತ್ತೆ ಕೂತರು.